ಜೇಬಿನೊಳಗಿನ ಬಿರಡೆ

ವೆಂಡೆಲನ ಬಲಭುಜ ಸೋತದ್ದು ಸೆಪ್ಟೆಂಬರಿನಲ್ಲಿ. ಅದನ್ನು ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಲು ಫೆಬ್ರವರಿ ಬರಬೇಕಾಯಿತು. ನಡುವಿನ ಐದು ತಿಂಗಳು ಅವನು ಎಡಗೈಯಲ್ಲಿ ಕಾಫಿ ಕುಡಿದ, ಎಡಗೈಯಲ್ಲಿ ಬಾಗಿಲು ತೆರೆದ, ಯಾರಾದರೂ ನೋಡಿದರೆ "ಎಡಗೈಗೂ ಒಂದಿಷ್ಟು ಕೆಲಸ ಕಲಿಸೋಣ ಅಂತ" ಎಂದ. ಹೆಂಡತಿ ಆರ್ಲೀನ್ ತುಟಿ ಎರಡು ಮಾಡಲಿಲ್ಲ. ಒಂದು ಮಧ್ಯಾಹ್ನ ಅವನ ಅಂಗಿಗಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು, ಗುಂಡಿಯ ತೂತುಗಳನ್ನು ಕತ್ತರಿಯಲ್ಲಿ ಒಂದೆಳೆ ದೊಡ್ಡದು ಮಾಡಿ, ಅಂಚು ಹೊಲಿದು, ಮತ್ತೆ ಕಪಾಟಿನಲ್ಲಿಟ್ಟಳು. ಗುಂಡಿಗಳು ಇದ್ದಕ್ಕಿದ್ದಂತೆ ಎಡಗೈಗೆ ಬಗ್ಗಿದ್ದು ಹೇಗೆಂದು ವೆಂಡೆಲನೂ ಕೇಳಲಿಲ್ಲ. ಅಮೆರಿಕದ ವರ್ಮಾಂಟಿನ ಗುಡ್ಡದ ಗಂಡಸರಿಗೆ ಕೇಳುವುದೆಂದರೆ ಅರ್ಧ ಸೋತಂತೆ.

ಅಂಗಿಯ ತೂತನ್ನು ದೊಡ್ಡದು ಮಾಡಬಹುದು, ಸೌದೆಯ ದಿಮ್ಮಿಯನ್ನು ಹಗುರ ಮಾಡುವುದು ಹೇಗೆ? ಮನೆಯ ಹಿಂದಿನ ಇಳಿಜಾರಿನ ಬುಡದಲ್ಲಿ ಅವರ ಆಲೆಮನೆ. ಕಬ್ಬಿನದಲ್ಲ, ಮೇಪಲ್ ಮರದ ರಸದ್ದು. ಮಾರ್ಚಿನಲ್ಲಿ ಮರಕ್ಕೆ ತೂತು ಕೊರೆದು ಬಸಿದ ರಸವನ್ನು ಅಗಲದ ಕೊಪ್ಪರಿಗೆಯಲ್ಲಿ ಕುದಿಸಬೇಕು. ನಲವತ್ತು ಕೊಡ ಕುದಿಸಿದರೆ ಒಂದು ಕೊಡ ಪಾಕ. ಮಿಕ್ಕದ್ದೆಲ್ಲ ಹಬೆಯಾಗಿ ಸೂರಿನ ಕಿಂಡಿಯಿಂದ ಆಕಾಶಕ್ಕೆ. ಅದಕ್ಕೆ ತಕ್ಕ ಸೌದೆ ಬೇಕು. ಹುಳು ಬಿದ್ದು ನಿಂತಲ್ಲೇ ಒಣಗಿದ್ದ ಆ್ಯಶ್ ಮರಗಳನ್ನು ವೆಂಡೆಲ್ ಆಗಸ್ಟಿನಲ್ಲೇ ಉರುಳಿಸಿ ಅರವತ್ತು ದಿಮ್ಮಿ ಮಾಡಿದ್ದ. ಅವು ಗುಡ್ಡದ ತಲೆಯ ಮೇಲೆ ಹಿಮ ಹೊದ್ದು ಮಲಗಿದ್ದವು. ಇಳಿಸುವ ಭುಜ ಕೆಳಗೆ, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿತ್ತು.

ಐವತ್ತೊಂದು ವಸಂತ ಆ ಕೊಪ್ಪರಿಗೆಯ ಮುಂದೆ ನಿಂತವಳು ಆರ್ಲೀನ್. ಮರ ಕೊರೆಯುವುದು, ರಸ ಹೊರುವುದು, ಸೌದೆ ತರುವುದು ವೆಂಡೆಲನದು. ಕುದಿ ನೋಡುವುದು ಅವಳದು. ಡಬ್ಬಿಯ ಮೇಲೆ ಮಾತ್ರ "ವೆಂಡೆಲ್" ಎಂದು ಅಚ್ಚಾಗಿತ್ತು, ಊರವರೂ "ಈ ಸಲ ವೆಂಡೆಲನ ಪಾಕ ಚೆನ್ನಾಗಿದೆ" ಎನ್ನುತ್ತಿದ್ದರು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಆ ಹಬೆ. ಆರು ವಾರ ಆ ಸಿಹಿ ಹಬೆಯೊಳಗೆ ನಿಂತರೆ ಗೋಡೆ ಕಾಣುತ್ತಿರಲಿಲ್ಲ, ತನ್ನ ಕೈಯೇ ತನಗೆ ಕಾಣುತ್ತಿರಲಿಲ್ಲ, ಸತ್ತ ಅತ್ತೆ ಪಕ್ಕದಲ್ಲೇ ನಿಂತು ಸೌಟು ಆಡಿಸುತ್ತಿದ್ದಾಳೆ ಅನ್ನಿಸುತ್ತಿತ್ತು. ಉಳಿದ ನಲವತ್ತಾರು ವಾರ ಅವಳು ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಊಟ ಬಡಿಸುವ ಹೆಂಗಸು. ಆ ಆರು ವಾರ ಹೋದರೆ ತನ್ನ ಪಾಲಿಗೆ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಕೇಳಿದವನು ಡೆಕ್ಸ್‌ಟರ್, ಕೆಳಗಿನ ಕಣಿವೆಯ ದೊಡ್ಡ ಪಾಕದ ಕಂಪನಿಯವನು, ಕೇಳಿದ್ದು ವೆಂಡೆಲನನ್ನು. ಮರಗಳನ್ನು ಹತ್ತು ವರ್ಷಕ್ಕೆ ಗುತ್ತಿಗೆ ಕೊಡಿ, ನಾವೇ ಕೊಳವೆ ಕಟ್ಟಿ ರಸವನ್ನು ನೇರ ಕಾರ್ಖಾನೆಗೆ ಇಳಿಸಿಕೊಳ್ಳುತ್ತೇವೆ, ನಿಮಗೆ ಬೆರಳು ಎತ್ತುವ ಕೆಲಸವೂ ಇಲ್ಲ ಎಂದ. ಊರ ಸಭೆಯ ದಿನ ಉತ್ತರ ಹೇಳುವುದೆಂದು ಮಾತಾಯಿತು. ಊರ ಸಭೆ ಎಂದರೆ ಮಾರ್ಚಿನ ಮೊದಲ ಮಂಗಳವಾರ. ಅವರೂರು ಈಸ್ಟ್ ಹಾರ್ಲೊದ ಎಲ್ಲರೂ ಸಭಾಮಂದಿರದಲ್ಲಿ ಸೇರಿ, ರಸ್ತೆಗೆಷ್ಟು ಶಾಲೆಗೆಷ್ಟು ಎಂದು ಕೈಯೆತ್ತಿ ಜಗಳವಾಡಿ, ಮಧ್ಯಾಹ್ನ ಒಟ್ಟಿಗೆ ಕೂತು ಉಣ್ಣುವ ದಿನ.

ಫೆಬ್ರವರಿಯ ಮೊದಲ ವಾರ, ಸಂಜೆ ಊಟಕ್ಕೆ ಕೂತಾಗ ಮಾತು ಮೇಲೆ ಬಂತು. ಆ ಮನೆಯ ಊಟಕ್ಕೆ ವೆಂಡೆಲನ ತಾಯಿಯ ಕಾಲದ ಒಂದು ಕಟ್ಟಳೆಯಿತ್ತು. ಬಟ್ಟಲು ಅಡಿಗೆ ಮಾಡಿದವಳಿಂದ ಹೊರಟು ಎಡಕ್ಕೆ ದಾಟುತ್ತ ಹೋಗಬೇಕು. ಬಡಿಸಿಕೊಂಡವರು ಮುಂದಿನವರ ಕೈಗೆ ಕೊಡಬೇಕು. ಒಂದು ಸುತ್ತು ಮುಗಿದು ಹೊರಟಲ್ಲಿಗೆ ಬರುವ ತನಕ ಯಾರೂ ಅದನ್ನು ಮೇಜಿನ ಮೇಲೆ ಇಡಕೂಡದು. ಆರ್ಲೀನಳಿಂದ ಮಗಳು ನೆಲ್, ನೆಲ್‌ಳಿಂದ ಅವಳ ಹದಿನೈದರ ಮಗಳು ಟ್ಯಾಬಿ, ಟ್ಯಾಬಿಯಿಂದ ವೆಂಡೆಲ್. ನೆಲ್ ಗಂಡನಿಂದ ಬೇರೆಯಾಗಿ ಆರು ವರ್ಷವಾಗಿತ್ತು. ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುತ್ತಿದ್ದಳು, ನಡುವಿನ ಹೊತ್ತಿನಲ್ಲಿ ಅಪ್ಪನೊಡನೆ ಜಗಳ.

"ಅಪ್ಪ, ನಮ್ಮ ಸಣ್ಣ ಟ್ರ್ಯಾಕ್ಟರಿನ ಮುಂದಿನ ಲೋಡರ್ ತೋಳಿಗೆ ಒಂದು ಇಕ್ಕಳ ಹಾಕಿಸೋಣ. ದಿಮ್ಮಿ ಕಚ್ಕೊಂಡು ಎತ್ತತ್ತಲ್ಲ, ಅದು. ಹಳೇದೊಂದು ಸಿಕ್ಕಿದೆ, ಮಾತಾಡಿ ಬಂದಿದ್ದೀನಿ," ಎಂದಳು ನೆಲ್, ಆಲೂಗೆಡ್ಡೆಯ ಬಟ್ಟಲನ್ನು ದಾಟಿಸುತ್ತ.

"ಮಾತಾಡಿ ಬಂದು ಆಮೇಲೆ ಹಾಕಿಸೋಣವಾ ಅಂತೀಯ. ಮದುವೇನೂ ಹಿಂಗೇ ಮಾಡ್ಕೊಂಡೆ."

"ಮದುವೆ ಮಾತು ಬಿಡು, ಟ್ರ್ಯಾಕ್ಟರಿನ ಮಾತಾಡು."

"ಟ್ರ್ಯಾಕ್ಟರಿಗೆ ಆಯಿಲ್ ಪೈಪು ಎಷ್ಟಿರಬೇಕೋ ಅಷ್ಟಿವೆ. ಇಕ್ಕಳ ಬಾಯಿ ತೆಗೆಯೋಕೆ ಮುಚ್ಚೋಕೆ ಇನ್ನೆರಡು ಬೇಕು. ಎಲ್ಲಿಂದ ತರ್ತೀಯ? ಚೆನ್ನಾಗಿರೋ ನರಕ್ಕೆ ಚೂರಿ ಹಾಕ್ತೀಯ?"

"ಚೂರಿ ಯಾಕೆ? ನಡುವೆ ಇನ್ನೊಂದು ವಾಲ್ವು ಕೂರಿಸಿದ್ರೆ ಆಯ್ತು. ಕೊಟ್ಟಿಗೇಲಿ ಒಂದು ನೇತಾಡ್ತಿದೆಯಲ್ಲ, ನೀನು ಹರಾಜಲ್ಲಿ ತಂದಿದ್ದು."

ವೆಂಡೆಲ್ ಫೋರ್ಕು ಕೆಳಗಿಟ್ಟ. ಹೊಸದು ಕೊಳ್ಳುತ್ತೇನೆ ಎಂದಿದ್ದರೆ ಅವನಿಗೆ ಬೈಯಲು ದಾರಿಯಿತ್ತು. ಮನೆಯಲ್ಲಿರುವುದನ್ನು ಬಳಸುತ್ತೇನೆ ಎನ್ನುವವಳಿಗೆ ಆ ಊರಿನಲ್ಲಿ ಹುಟ್ಟಿದ ಯಾವ ಗಂಡಸೂ ಬೇಡ ಎನ್ನಲಾರ. ಸ್ವಲ್ಪ ಹೊತ್ತು ಅಗಿದು ಕಡೆಗೆ ಹೇಳಿದ: "ಊರ ಸಭೆ ದಿನದೊಳಗೆ ಅರವತ್ತೂ ದಿಮ್ಮಿ ಆಲೆಮನೆ ಅಂಗಳಕ್ಕೆ ಬಂದ್ರೆ ಈ ವರ್ಷ ಕುದಿಸೋಣ. ಬರಲಿಲ್ವೋ, ಡೆಕ್ಸ್‌ಟರ್ ಕಾಗದಕ್ಕೆ ಸಹಿ. ಆಮೇಲೆ ಯಾರೂ ಮೂತಿ ಊದಿಸ್ಕೋಬಾರದು."

"ಆಯ್ತು," ಎಂದಳು ನೆಲ್.

"ಅಜ್ಜಿ ಏನಂತಾಳೆ?" ಟ್ಯಾಬಿ ಕೇಳಿದಳು.

"ಅಜ್ಜಿ ಬಟ್ಟಲು ಬರಲಿ ಅಂತ ಕಾಯ್ತಿದ್ದಾಳೆ," ಎಂದ ವೆಂಡೆಲ್. ಬಟ್ಟಲು ಬಂತು. ಆರ್ಲೀನ್ ಅದನ್ನು ಇಟ್ಟಳು.

ಆ ವಾರದಿಂದ ಕೊಟ್ಟಿಗೆಯಲ್ಲಿ ಕೆಲಸ ಶುರುವಾಯಿತು. ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಕಿಟಕಿಯ ತುಂಬ ಬೆಳಕು ತುಂಬುತ್ತಿತ್ತು. ಆರ್ಲೀನ್ ಕರಿದ ಡೋನಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರೆ ಟ್ರ್ಯಾಕ್ಟರಿನ ಕೆಳಗಿಂದ ಮಗಳ ಬೂಟು ಮಾತ್ರ ಕಾಣುತ್ತಿತ್ತು. ವೆಂಡೆಲ್ ಪಕ್ಕದಲ್ಲಿ ಬಕೆಟ್ ಮಗುಚಿಹಾಕಿ ಕೂತು ಎಡಗೈಯಲ್ಲಿ ಟಾರ್ಚು ಹಿಡಿದಿರುತ್ತಿದ್ದ. ಬೇಡ ಬೇಡ ಎಂದವನೇ ಬೆಳಕು ಹಿಡಿಯುವುದನ್ನು ಕಂಡು ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

"ಅಮ್ಮ, ನಿನ್ನ ಹೊಲಿಗೆ ಟೇಪು ಬೇಕಿತ್ತು," ಎಂದಿತು ಬೂಟು.

ಪೈಪನ್ನು ಪೇಟೆಯ ಅಂಗಡಿಯಲ್ಲಿ ಕತ್ತರಿಸಿ, ತುದಿ ಒತ್ತಿಸಿ ತರಬೇಕು. ಅಳತೆ ತಪ್ಪಿದರೆ ದಂಡ. ಆರ್ಲೀನ್ ತಾನೇ ಬಗ್ಗಿ ವಾಲ್ವಿನಿಂದ ಲೋಡರಿನ ತೋಳಿನ ಗುಂಟ ಟೇಪು ಹಾಯಿಸಿದಳು. ತೋಳು ಮೇಲೇಳುತ್ತದೆ, ಕೆಳಗಿಳಿಯುತ್ತದೆ, ಬಕೆಟ್ಟು ಮಗುಚುತ್ತದೆ. ಅವಳು ತೋಳನ್ನು ಇಳಿಸಿಸಿ ಒಮ್ಮೆ, ಎತ್ತಿಸಿ ಒಮ್ಮೆ ಅಳೆದಳು.

"ಇಷ್ಟಕ್ಕೆ ಒಂದು ಗೇಣು ಜಾಸ್ತಿ ಹಾಕಿಸು," ಎಂದಳು. "ಕಂಕುಳ ಹತ್ರ ಬಿಗಿ ಆದ್ರೆ ಕೈ ಎತ್ತಿದಾಗ ಪಿಸಿಯತ್ತೆ."

"ಪೈಪಿಗೂ ರವಿಕೆಗೂ ವ್ಯತ್ಯಾಸ ಇಲ್ವಾ?" ವೆಂಡೆಲ್ ಕಿಸಕ್ಕನೆ ನಕ್ಕ.

"ಎರಡನ್ನೂ ನೀನು ಹೊಲಿದಿಲ್ಲ," ಎಂದಳು ಆರ್ಲೀನ್.

ಮರುದಿನ ಮಧ್ಯಾಹ್ನ ಅವಳು ಅಡಿಗೆಮನೆಯ ತೂಗುಕುರ್ಚಿಯಲ್ಲಿ ಕೂತಿದ್ದಾಗ ಕಣ್ಣು ಎಳೆಯಿತು. ಒಲೆಯ ಮೇಲೆ ನೀರಿನ ಪಾತ್ರೆ ಸಣ್ಣಗೆ ಹಾಡುತ್ತಿತ್ತು. ಕಿಟಕಿಯಾಚೆ ಆಲೆಮನೆಯ ಸೂರಿನಿಂದ ಹಬೆ ಏಳುತ್ತಿರುವುದು ಕಂಡಿತು, ಒಳಗೆ ಬೆಂಕಿಯೇ ಇಲ್ಲದಿದ್ದರೂ. ಗುಡ್ಡದ ಮೇಪಲ್ ಮರಗಳೆಲ್ಲ ಸಾಲಾಗಿ ನಿಂತು ಒಂದರ ಕೈಯಿಂದ ಒಂದಕ್ಕೆ ಬಟ್ಟಲು ದಾಟಿಸುತ್ತಿದ್ದವು. ತುಂಬಿದ ಬಟ್ಟಲು, ತುಳುಕದೆ, ಸದ್ದಿಲ್ಲದೆ, ಇಳಿಜಾರಿನುದ್ದ ಇಳಿದು ಅವಳ ಕೈಗೆ ಬಂತು. ಅವಳು ಎಡಕ್ಕೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ಇಡುವಂತಿಲ್ಲ, ಕೊಡಲು ಜನವಿಲ್ಲ. ಕೈ ಸೋಲುತ್ತಿತ್ತು. ಎಚ್ಚರವಾದಾಗ ಪಾತ್ರೆಯ ನೀರು ಬತ್ತಿತ್ತು, ಅವಳ ಎರಡು ಕೈಯೂ ಮಡಿಲಲ್ಲಿ ಬಟ್ಟಲಿನಾಕಾರದಲ್ಲಿ ಕೂತಿದ್ದವು.

ಸೋಮವಾರ ಬಟ್ಟೆ ಒಗೆಯುವ ದಿನ. ವೆಂಡೆಲನ ಜೇಬುಗಳಲ್ಲಿ ಮೊಳೆ, ತಂತಿ, ಪೆನ್ಸಿಲ್ ತುಂಡು ಇದ್ದೇ ಇರುತ್ತಿದ್ದವು. ತಡಕದೆ ಹಾಕಿದರೆ ಮೆಷಿನ್ನು ಹಾಳು. ಆ ದಿನ ಕೊಟ್ಟಿಗೆ ಕೆಲಸದ ಪ್ಯಾಂಟಿನ ಒಳಜೇಬಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಉಕ್ಕಿನ ಬಿರಡೆ ಸಿಕ್ಕಿತು. ಹೊರಗೆ ತಿರುಪಿನ ಮರೆ ಸುತ್ತು, ನಡುವೆ ಈ ತುದಿಯಿಂದ ಆ ತುದಿಗೆ ತೂತು, ಕತ್ತಿಗೆ ಒಂದು ಕರಿ ರಬ್ಬರ್ ಬಳೆ. ಎಣ್ಣೆ ಇನ್ನೂ ಹಸಿಯಾಗಿತ್ತು. ಒರೆಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ವೆಂಡೆಲ್ ಕಾಫಿಗೆ ಬಂದವನು ಅದನ್ನು ಕಂಡ, ಅವಳ ಬೆನ್ನು ಕಂಡ, ತೆಗೆದು ಜೇಬಿಗೆ ಹಾಕಿಕೊಂಡ.

"ಏನದು?" ಎಂದಳು ಅವಳು ತಿರುಗದೆ.

"ಏನಿಲ್ಲ, ಒಂದು ಹಳೇ ತುಂಡು."

ಹತ್ತು ದಿನಕ್ಕೆ ಪೈಪುಗಳು ಬಂದವು, ಇಕ್ಕಳ ಬಂತು. ಶಾಲೆಗೆ ಚಳಿಗಾಲದ ರಜೆ ಬಿತ್ತು, ನೆಲ್‌ಗೆ ಬಸ್ಸಿನ ಕಾಟ ತಪ್ಪಿತು. ಊರ ಸಭೆಗೆ ಇನ್ನೈದು ದಿನ ಇದೆ ಎನ್ನುವ ಗುರುವಾರ ಮಧ್ಯಾಹ್ನ ಎಲ್ಲ ಜೋಡಿಸಿ ಟ್ರ್ಯಾಕ್ಟರ್ ಚಾಲೂ ಮಾಡಿದಳು. ಆರ್ಲೀನ್ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಇಕ್ಕಳ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಟ್ಯಾಬಿ ಚಪ್ಪಾಳೆ ತಟ್ಟಿದಳು. ನೆಲ್ ಹಿಂದಿನ ಲಿಫ್ಟಿನ ಹಿಡಿ ಎಳೆದಳು. ಕಲ್ಲು ತುಂಬಿದ ಪೆಟ್ಟಿಗೆಯನ್ನು ಹೊತ್ತು ಮೇಲೇಳಬೇಕಾದ ಎರಡು ಹಿಂದಿನ ತೋಳುಗಳು ಏಳಲಿಲ್ಲ. ಎಷ್ಟು ಎಳೆದರೂ ಏಳಲಿಲ್ಲ.

ಹಿಂದೆ ಆ ಕಲ್ಲಿನ ಭಾರ ಎದ್ದು ನಿಲ್ಲದೆ ಮುಂದೆ ದಿಮ್ಮಿ ಎತ್ತುವ ಹಾಗಿರಲಿಲ್ಲ. ಆ ಇಳಿಜಾರಿನಲ್ಲಿ ಹಾಗೆ ಎತ್ತಿದರೆ ಹಿಂದಿನ ಚಕ್ರ ನೆಲ ಬಿಟ್ಟು ಟ್ರ್ಯಾಕ್ಟರ್ ಮುಗ್ಗರಿಸುತ್ತದೆ. ಅಷ್ಟು ಆರ್ಲೀನಳಿಗೂ ಗೊತ್ತಿತ್ತು.

"ನಾನು ಹೇಳ್ಲಿಲ್ವಾ," ಎಂದ ವೆಂಡೆಲ್. ಆದರೆ ಗೆದ್ದವನ ದನಿ ಅದಾಗಿರಲಿಲ್ಲ.

ನೆಲ್ ಮತ್ತೆ ಕೆಳಗೆ ನುಸುಳಿದಳು. ಶುಕ್ರವಾರವೂ ಅಲ್ಲೇ ಇದ್ದಳು. ಕೊಟ್ಟಿಗೆಯ ಕಾಂಕ್ರೀಟು ನೆಲ ಮಂಜುಗಡ್ಡೆಯಾಗಿತ್ತು. ಬೆನ್ನ ಕೆಳಗೆ ರಟ್ಟು ಹಾಸಿಕೊಂಡು ಒಂದೊಂದೇ ಪೈಪು ಬಿಚ್ಚಿ ನೋಡಿದಳು, ಪಂಪು ನೋಡಿದಳು, ಲಿಫ್ಟಿನ ಹಿಡಿ ಬಿಚ್ಚಿ ಜೋಡಿಸಿದಳು. ಅಪ್ಪ ಟಾರ್ಚು ಹಿಡಿದೇ ಇದ್ದ. ಊಟದ ಹೊತ್ತಿಗೆ ಒಳಬಂದಾಗ ಅವಳ ತುಟಿ ನೀಲಿಯಾಗಿತ್ತು.

ಶನಿವಾರ ಬೆಳಿಗ್ಗೆ ಟ್ಯಾಬಿ ಒಂದು ಲಕೋಟೆಯ ಬೆನ್ನಿಗೆ ಚಿತ್ರ ಬರೆದುಕೊಂಡು ಅಡಿಗೆಮನೆಗೆ ಬಂದಳು. ಆರ್ಲೀನ್ ಮಡಕೆಗೆ ಬೀನ್ಸ್ ಕಾಳು, ಉಪ್ಪುಹಂದಿಯ ತುಂಡು, ಹೋದ ವರ್ಷದ ಪಾಕ ಹಾಕಿ ಒಲೆಯೊಳಗೆ ತಳ್ಳುತ್ತಿದ್ದಳು. ಶನಿವಾರ ಆ ಮನೆಯಲ್ಲಿ ಇದೇ.

"ಅಜ್ಜಿ, ಇಲ್ಲಿ ನೋಡು. ಕಂಪ್ಯೂಟರಲ್ಲಿ ಹುಡುಕಿದೆ. ಪಂಪಿಂದ ಆಯಿಲ್ ಹೊರಡತ್ತೆ. ಮೊದಲು ಲೋಡರಿನ ವಾಲ್ವು, ಆಮೇಲೆ ನಮ್ಮ ಹೊಸ ವಾಲ್ವು, ಆಮೇಲೆ ಹಿಂದಿನ ಲಿಫ್ಟು, ಕಡೆಗೆ ಟ್ಯಾಂಕು. ಒಬ್ಬರು ತಮಗೆ ಬೇಕಾದ್ದು ತಗೊಂಡು ಮುಂದಿನೋರಿಗೆ ಕೊಡ್ತಾ ಹೋಗಬೇಕು."

"ನಮ್ಮ ಬಟ್ಟಲಿನ ಹಾಗೆ."

"ಹ್ಞೂಂ, ಹಾಗೇ. ಈಗ ಏನಾಗಿದೆ ಗೊತ್ತಾ? ಹೊಸ ವಾಲ್ವಿಗೆ ಎರಡು ಹೊರದಾರಿ. ಒಂದು ಟ್ಯಾಂಕಿಗೆ, ಒಂದು ಲಿಫ್ಟಿಗೆ. ಒಳಗೆ ಅವೆರಡೂ ಕೂಡ್ಕೊಂಡುಬಿಟ್ಟಿವೆ. ಆಯಿಲ್ಲಿಗೆ ಸುಲಭ ಯಾವುದು? ಟ್ಯಾಂಕಿಗೆ ಹೋಗಿ ಬಿದ್ಕೊಳ್ಳೋದು. ಅದಕ್ಕೇ ಲಿಫ್ಟಿಗೆ ಏನೂ ಸಿಗ್ತಿಲ್ಲ. ಎರಡನ್ನೂ ಬೇರೆ ಮಾಡೋಕೆ ಇಲ್ಲಿ ಒಂದು ಬಿರಡೆ ಇರಬೇಕಂತೆ. ನಮ್ಮದರಲ್ಲಿ ಇಲ್ಲ. ಹರಾಜಲ್ಲಿ ತಂದಾಗಲೇ ಇರಲಿಲ್ಲವೋ ಏನೋ. ತರಿಸೋಕೆ ಎರಡು ವಾರ ಬೇಕಂತೆ, ಅಮ್ಮ ಫೋನ್ ಮಾಡಿ ಕೇಳಿದ್ಲು."

"ಹೇಗಿರತ್ತೆ ಬಿರಡೆ?"

ಟ್ಯಾಬಿ ಮೂಲೆಯಲ್ಲಿ ಬರೆದಳು. ಹೆಬ್ಬೆರಳುದ್ದ, ಹೊರಗೆ ಮರೆ ಸುತ್ತು, ನಡುವೆ ತೂತು, ಕತ್ತಿಗೊಂದು ರಬ್ಬರ್ ಬಳೆ.

ಆರ್ಲೀನ್ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಎಣ್ಣೆಯ ಒಂದು ಸಣ್ಣ ಉಂಗುರ ಇನ್ನೂ ಇತ್ತು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎಂಬ ಮಾತು ಕೇಳಿದ್ದೇವೆ. ಅವಳು ಅದನ್ನು ವೆಂಡೆಲ್ ಹಿಡಿದಿದ್ದ ಟಾರ್ಚಿನ ಬೆಳಕಿನಲ್ಲಿ ಕಂಡಳು. ಸಿಟ್ಟಿಗಿಂತ ಮೊದಲು ಅವಳಿಗೆ ನಾಚಿಕೆಯಾಯಿತು, ಆ ಮನುಷ್ಯನ ಪರವಾಗಿ. ಆಮೇಲೆ ಸಿಟ್ಟು ಬಂತು. ಅದು ಇಡೀ ದಿನ ಬೀನ್ಸಿನ ಜೊತೆ ಸಣ್ಣ ಉರಿಯಲ್ಲಿ ಬೇಯಿತು.

ಸಂಜೆ ಐದೂವರೆಗೆ ಎಲ್ಲರೂ ಕೂತರು. ಹೊರಗೆ ಹಿಮ ನೀಲಿಯಾಗಿ ಹೊಳೆಯುತ್ತಿತ್ತು, ಸೂರಿನಿಂದ ಮೊದಲ ಸಲ ನೀರು ತೊಟ್ಟಿಕ್ಕುವ ಸದ್ದು. ರಸ ಏರುವ ಕಾಲ ಹತ್ತಿರವಾಗಿತ್ತು. ಆರ್ಲೀನ್ ಬೀನ್ಸಿನ ಬಟ್ಟಲು ಎತ್ತಿ ತನಗೊಂದು ಸೌಟು ಬಡಿಸಿಕೊಂಡಳು. ನೆಲ್ ಕೈ ಚಾಚಿದಳು. ಆರ್ಲೀನ್ ಬಟ್ಟಲನ್ನು ತನ್ನ ತಟ್ಟೆಯ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟಳು.

ಐವತ್ತೊಂದು ವರ್ಷದಲ್ಲಿ ಸುತ್ತು ಮುಗಿಯುವ ಮೊದಲು ಆ ಸದ್ದು ಆ ಮನೆಯಲ್ಲಿ ಆಗಿರಲಿಲ್ಲ.

"ಅಮ್ಮ?" ಎಂದಳು ನೆಲ್.

"ಇಲ್ಲೇ ಇರ್ಲಿ."

"ಏನಾಯ್ತೇ ನಿಂಗೆ?" ವೆಂಡೆಲ್ ಕೇಳಿದ. "ನಮ್ಮಮ್ಮ ಇದ್ದಿದ್ರೆ ಏನಂತಿದ್ಲು?"

"ನಿಮ್ಮಮ್ಮ ಇದ್ದಿದ್ರೆ ನಿನ್ನ ಜೇಬು ತಡಕ್ತಿದ್ಲು. ನಾನು ಬಟ್ಟೆ ಒಗೆಯೋವಾಗ ತಡಕಿದ್ದೀನಿ." ಅವಳ ದನಿ ಏರಲಿಲ್ಲ. "ನಿನ್ನ ಹತ್ರ ಇರೋದನ್ನ ನೀನು ಮೊದಲು ದಾಟಿಸು ವೆಂಡೆಲ್. ಆಮೇಲೆ ಇದು ದಾಟತ್ತೆ."

ವೆಂಡೆಲನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಎಡಗೈ ಜೇಬಿಗೆ ಹೋಗಿ, ತಡವರಿಸಿ, ಹೊರಬಂತು. ಬಿರಡೆ ಮೇಜುಬಟ್ಟೆಯ ಮೇಲೆ ಅರ್ಧ ಸುತ್ತು ಉರುಳಿ ಉಪ್ಪಿನ ಕುಡಿಕೆಗೆ ತಾಗಿ ನಿಂತಿತು.

ನೆಲ್ ಅದನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ.

"ಯಾವಾಗ ತೆಗೆದೆ?"

"ನೀನು ಆ ವಾಲ್ವು ಹಾಕ್ತೀನಿ ಅಂದ ಮಾರನೇ ದಿನ."

"ಅಪ್ಪ, ಎರಡು ದಿನ ಆ ನೆಲದ ಮೇಲೆ ಬೆನ್ನು ಹಾಕ್ಕೊಂಡು ಬಿದ್ದಿದ್ದೆ. ನೀನು ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡಿದ್ದೆ."

"ಹ್ಞೂಂ."

"ಬಲಕ್ಕೆ ತಿರುಗಿಸು, ಎಡಕ್ಕೆ ತಿರುಗಿಸು ಅಂತ ಹೇಳ್ತಾನೂ ಇದ್ದೆ."

"ಹ್ಞೂಂ, ಇದ್ದೆ."

"ಯಾಕಜ್ಜ?" ಎಂದಳು ಟ್ಯಾಬಿ. ಅವಳೊಬ್ಬಳಿಗೇ ಅದನ್ನು ಕೇಳಲು ಸಾಧ್ಯವಿತ್ತು.

ವೆಂಡೆಲ್ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದ. "ಮುದುಕನ ಭುಜ ಹೋಯ್ತು, ಅದಕ್ಕೇ ಆಲೆಮನೆ ಮುಚ್ಚಿದ ಅಂತ ಊರೋರು ಅನ್ನೋದು ಬೇಡ ಅನ್ನಿಸ್ತು. ಟ್ರ್ಯಾಕ್ಟರ್ ಕೈಕೊಡ್ತು ಅಂದ್ರೆ ಯಾರೂ ಏನೂ ಅನ್ನಲ್ಲ. ಟ್ರ್ಯಾಕ್ಟರಿಗೇನು ಮಾನ ಹೋಗತ್ತಾ?" ಉಪ್ಪಿನ ಕುಡಿಕೆಯನ್ನು ಆಚೆ ಸರಿಸಿ ಹೇಳಿದ: "ಆ ಇಕ್ಕಳ ಕೆಲಸ ಮಾಡಿದ್ರೆ, ಮುಂದಿನ ವರ್ಷ ನೀವೇ ಎಲ್ಲ ಮಾಡ್ಕೋತೀರ. ನಾನು ಟಾರ್ಚ್ ಹಿಡಿಯೋನು."

ಜಟ್ಟಿ ಜಾರಿ ಬಿದ್ದರೂ ಮೀಸೆಗೆ ಮಣ್ಣಾಗಬಾರದು ಎಂದು ಹೊರಟವನ ಮೀಸೆ ಅವತ್ತು ಬೀನ್ಸಿನ ಮೇಜಿನ ಮೇಲೆ ಮಣ್ಣಾಯಿತು. ಯಾರೂ ನಗಲಿಲ್ಲ. ಹೊರಗೆ ಸೂರು ತೊಟ್ಟಿಕ್ಕುತ್ತಲೇ ಇತ್ತು.

"ಎಲ್ಲ ನಿನ್ನ ಭುಜದ್ದೇ ಮಾತಾಯ್ತು," ಎಂದಳು ಆರ್ಲೀನ್. "ಕುದಿಸೋಳು ನಾನು. ನನಗೆ ಬೇಕು. ಇಷ್ಟು ದಿನ ಯಾರೂ ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ. ಈಗ ಹೇಳ್ತಿದ್ದೀನಿ, ನನಗೆ ಬೇಕು."

"ಬೀನ್ಸ್ ತಣ್ಣಗಾಗ್ತಿದೆ," ಎಂದಳು ಟ್ಯಾಬಿ, ಮೆಲ್ಲಗೆ.

ಆರ್ಲೀನ್ ಬಟ್ಟಲೆತ್ತಿ ನೆಲ್‌ಗೆ ಕೊಟ್ಟಳು. ನೆಲ್‌ಳಿಂದ ಟ್ಯಾಬಿಗೆ ಹೋಯಿತು, ಟ್ಯಾಬಿ ಅಜ್ಜನ ತಟ್ಟೆಗೆ ತಾನೇ ಬಡಿಸಿದಳು. ನೆಲ್ ಊಟ ಮುಗಿಯುವ ತನಕ ಅಪ್ಪನ ಕಡೆ ನೋಡಲಿಲ್ಲ. ಎದ್ದು ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಾಳೆ ಏಳು ಗಂಟೆಗೆ. ಟಾರ್ಚ್ ಟ್ಯಾಬಿ ಹಿಡೀತಾಳೆ. ಬಿರಡೆ ನೀನೇ ಕೂರಿಸು, ಎಡಗೈಲಿ."

ಭಾನುವಾರ ವೆಂಡೆಲ್ ಕಾಂಕ್ರೀಟಿನ ಮೇಲೆ ಮಲಗಿದ. ಮಲಗಲು ಹತ್ತು ನಿಮಿಷ ಬೇಕಾಯಿತು, ಮಗಳು ಕೈ ಕೊಡಲು ಬಂದರೆ ಬೇಡವೆಂದ, ಆಮೇಲೆ ಬೇಕೆಂದ. ರಬ್ಬರ್ ಬಳೆಯನ್ನು ಹೊಸದು ಮಾಡಿ, ಎಣ್ಣೆ ಸವರಿ, ಬಿರಡೆಯನ್ನು ವಾಲ್ವಿನ ಬಾಯಿಗಿಟ್ಟು ಎಡಗೈಯಲ್ಲಿ ತಿರುಗಿಸಿದ. ಮೂರು ಸಲ ಮರೆ ತಪ್ಪಿತು. ನಾಲ್ಕನೆಯ ಸಲ ಹಿಡಿಯಿತು.

"ಚಾಲೂ ಮಾಡು. ಸೋರ್ತಿದೆಯಾ ಅಂತ ಕೈಯಾಡಿಸಿ ನೋಡಬೇಡ್ರೇ, ಆ ಒತ್ತಡದ ಎಣ್ಣೆ ಚರ್ಮ ತೂರ್ಕೊಂಡು ಹೋಗತ್ತೆ. ರಟ್ಟು ಹಿಡೀರಿ," ಎಂದು ಕೆಳಗಿನಿಂದಲೇ ಕೂಗಿದ.

ರಟ್ಟು ಒಣಗಿಯೇ ಇತ್ತು. ನೆಲ್ ಹಿಂದಿನ ಹಿಡಿ ಎಳೆದಳು. ಕಲ್ಲಿನ ಪೆಟ್ಟಿಗೆ ಒಮ್ಮೆ ನಡುಗಿ, ನೆಲ ಬಿಟ್ಟು, ನಿದ್ದೆಯಿಂದೇಳುವ ದನದಂತೆ ನಿಧಾನ ಮೇಲೆದ್ದಿತು. ಮೆಟ್ಟಿಲ ಮೇಲೆ ನಿಂತಿದ್ದ ಆರ್ಲೀನಳ ಕಣ್ಣಲ್ಲಿ ನೀರು ಬಂತು. ಚಳಿಗೆ ಎಂದು ಒರೆಸಿಕೊಂಡಳು.

ಅಂದು ಮಧ್ಯಾಹ್ನದಿಂದ ಸೋಮವಾರ ಸಂಜೆಯವರೆಗೆ ದಿಮ್ಮಿಗಳು ಇಳಿದವು. ಸೋಮವಾರ ಮಂಜು ಕವಿದಿತ್ತು. ಗುಡ್ಡವೇ ಇರಲಿಲ್ಲ, ಬರೀ ಬಿಳುಪು. ಆ ಬಿಳುಪಿನೊಳಗೆ ಎಲ್ಲೋ ಎಂಜಿನ್ನಿನ ಗುಂಯ್‌ಗುಡುವಿಕೆ. ಆಮೇಲೆ ಎರಡು ಹಳದಿ ದೀಪ. ಆಮೇಲೆ ಇಕ್ಕಳದ ಬಾಯಲ್ಲಿ ಒಂದು ದಿಮ್ಮಿ, ಅದರ ಹಿಂದೆ ತೇಲಿದಂತೆ ನೆಲ್. ಹಾಕಿ, ತಿರುಗಿ, ಮತ್ತೆ ಮಾಯ. ಆರ್ಲೀನ್ ಆಲೆಮನೆಯ ಬಾಗಿಲು ತೆರೆದು ಕೊಪ್ಪರಿಗೆ ತೊಳೆಯುತ್ತ ಎಣಿಸಿದಳು. ವೆಂಡೆಲ್ ಅಂಗಳದಲ್ಲಿ ನಿಂತು ಎಡಗೈ ಆಡಿಸಿ ಇಲ್ಲಿಡು, ಅಲ್ಲಿಡು ಎನ್ನುತ್ತಿದ್ದ. ನೆಲ್ ಅವನು ಹೇಳಿದಲ್ಲೇ ಇಟ್ಟಳು, ಮಾತಾಡದೆ. ಕತ್ತಲಾಗುವ ಹೊತ್ತಿಗೆ ಇಳಿದದ್ದು ನಲವತ್ತಾರು. ಹದಿನಾಲ್ಕು ಇನ್ನೂ ಮೇಲಿದ್ದವು.

ಮಂಗಳವಾರ ಸಭಾಮಂದಿರದಲ್ಲಿ ಮಧ್ಯಾಹ್ನದ ತನಕ ರಸ್ತೆಯ ಮರಳಿನ ಬಗ್ಗೆ ಜಗಳ ನಡೆಯಿತು. ಆಮೇಲೆ ಊಟಕ್ಕೆ ಸಾಲು. ಉದ್ದ ಮೇಜಿನ ಹಿಂದೆ ಆರ್ಲೀನ್ ತನ್ನ ಬೀನ್ಸಿನ ಮಡಕೆ ಇಟ್ಟುಕೊಂಡು ಸೌಟು ಹಿಡಿದು ನಿಂತಿದ್ದಳು. ಸಾಲಿನಲ್ಲಿ ಡೆಕ್ಸ್‌ಟರ್ ಬಂದ, ಅವನ ಹಿಂದೆ ವೆಂಡೆಲ್, ಅವನ ಹಿಂದೆ ನೆಲ್, ಟ್ಯಾಬಿ, ಅವರ ಹಿಂದೆ ಅರ್ಧ ಊರು.

"ಏನು ವೆಂಡೆಲ್," ಎಂದ ಡೆಕ್ಸ್‌ಟರ್ ಹಿಂತಿರುಗಿ, "ಕಾಗದ ಕಾರಿನಲ್ಲೇ ಇದೆ. ಏನು ತೀರ್ಮಾನ?"

"ಅರವತ್ತು ದಿಮ್ಮಿ ಇಳಿದ್ರೆ ಕುದಿಸೋದು ಅಂತಿದ್ದೆ," ಎಂದ ವೆಂಡೆಲ್. "ಹದಿನಾಲ್ಕು ಇನ್ನೂ ಮೇಲಿವೆ."

ನೆಲ್ ಖಾಲಿ ತಟ್ಟೆ ಹಿಡಿದು ಒಂದು ಹೆಜ್ಜೆ ಮುಂದೆ ಬಂದಳು. ವೆಂಡೆಲ್ ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡ, ಎಲ್ಲರೆದುರು, ಮುಚ್ಚಿಡದೆ.

"ನನ್ನ ಭುಜ ಹೋಗಿದೆ ಡೆಕ್ಸ್‌ಟರ್. ಸೆಪ್ಟೆಂಬರಲ್ಲೇ ಹೋಗಿದೆ. ಹಾಗಾಗಿ ನನ್ನ ಕೇಳಿ ಪ್ರಯೋಜನ ಇಲ್ಲ. ಕೊಪ್ಪರಿಗೆ ಮುಂದೆ ನಿಲ್ಲೋಳು ನಿನ್ನೆದುರಿಗೇ ಇದ್ದಾಳೆ, ಅವಳನ್ನ ಕೇಳು."

ಸಾಲು ನಿಂತಿತು. ಡೆಕ್ಸ್‌ಟರ್ ತಿರುಗಿ ತಟ್ಟೆ ಹಿಡಿದುಕೊಂಡೇ ಆರ್ಲೀನಳನ್ನು ನೋಡಿದ. ಮಡಕೆಯ ಹಬೆ ಮೇಲೆದ್ದು ಅವನ ಮುಖ ಅವಳಿಗೆ ಅರ್ಧ ಮಾಸಿತು, ಊರೂ ಮಾಸಿತು. ಹಬೆಯಾಚೆ ಯಾರೋ ಸೌಟು ಆಡಿಸಿದ ಹಾಗಾಯಿತು.

"ಕುದಿಸ್ತೀವಿ," ಎಂದಳು. ಅವನ ತಟ್ಟೆಗೆ ಒಂದು ಸೌಟು ಬೀನ್ಸು ಹಾಕಿದಳು. "ಮುಂದಕ್ಕೆ ದಾಟಪ್ಪ, ಹಿಂದೆ ಜನ ಕಾಯ್ತಿದ್ದಾರೆ."